ಶಾಲೆಯ ವಿದ್ಯೆಯೂ ಬಾಳಿನ ಏಳಿಗೆಯೂ



ಒಂದು ಮನೆಯನ್ನು ನಿಮ್ಮ ಮನಸ್ಸಿನ ಮುಂದೆ ಇಟ್ಟುಕೊಳ್ಳಿರಿ. ಅದು ರಾಣೆಬೆನ್ನೂರಿನ ಸಮೀಪದ ಒಂದು ಹಳ್ಳಿಯಲ್ಲಿ ಇರುವದೆಂದು ಭಾವಿಸೋಣ. ಎರಡು ಎಕರೆ ಹೊಲ, ಒಂದು ಜೋಡು ಎತ್ತು, ತೀರದ ಸಾಲ, ಮೂವರು ಮಕ್ಕಳು. ಹಿರಿಯ ಮಗಳು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಾಳೆ. ಮಳೆಗಾಲವು ಕಡೆಗಾಣುತ್ತಾ ಬಂದಾಗ ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಆರಂಭವಾಗುತ್ತದೆ, ಆಳುಗಳಿಗೆ ಕರೆ ಬರುತ್ತದೆ. ಆಗ ಒಂದು ಸಂಜೆ ಆ ಮನೆಯ ಯಜಮಾನನು ಕಟ್ಟೆಯ ಮೇಲೆ ಕುಳಿತು ತನ್ನ ಅಕ್ಕನ ಸಂಗಡ ಹೀಗೆ ಮಾತಾಡುತ್ತಾನೆ:

"ಅಕ್ಕಾ, ಸಾಲಿ ಕಲ್ತವರು ಏನು ಗಳಿಸ್ಯಾರ ಹೇಳು? ಡಿಗ್ರಿ ಮುಗಿಸಿದ ಹುಡುಗ ಊರಾಗ ಖಾಲಿ ಕುಂತಾನ. ಒಂದಕ್ಷರ ಬಾರದ ಸಾವ್ಕಾರ ಮಾಳಿಗಿ ಮನಿ ಕಟ್ಟ್ಯಾನ. ಈಕಿ ಎರಡು ತಿಂಗಳು ಕೆಲಸಕ್ಕ ಹೋದ್ರ ಬಡ್ಡಿಯಾದ್ರೂ ತೀರತೈತಿ."

"ನೀ ಹೇಳೂದು ಸುಳ್ಳಲ್ಲ ತಮ್ಮಾ. ಆದ್ರ ಎರಡು ತಿಂಗಳಂತ ಬಿಡಿಸಿದ ಹುಡುಗಿ ತಿರುಗಿ ಸಾಲಿಗೆ ಹೋಗಿದ್ದು ನಾ ಕಂಡಿಲ್ಲ."

ಈ ಎರಡು ಮಾತುಗಳೇ ಈ ಪಾಠದ ವಿಷಯವು. ತಮ್ಮನ ಮಾತಿನಲ್ಲಿ ಎಷ್ಟು ಸತ್ಯವುಂಟು? ಅಕ್ಕನ ಮಾತಿನಲ್ಲಿ ಎಷ್ಟು ತೂಕವುಂಟು? ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೈಲುದಾರಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಪಟ್ಟಣಗಳು ಇವೆ. ಆ ಮೂರರಲ್ಲಿಯೂ ನಮಗೆ ಬೇಕಾದ ಸಾಕ್ಷಿಗಳು ದೊರೆಯುವವು. ಪರರ ಮಾತನ್ನು ಕೇಳುವದಕ್ಕಿಂತ ನಮ್ಮ ಸೀಮೆಯ ಸಾಕ್ಷಿಯನ್ನು ಕೇಳುವದು ಉತ್ತಮ.

1. ಪ್ರಶ್ನೆಯನ್ನು ಸರಿಯಾಗಿ ತಿಳಿಯತಕ್ಕದ್ದು

"ಶಾಲೆ ಕಲಿತರೆ ಬಾಳು ಏಳಿಗೆಯಾಗುವದೋ?" ಎಂದು ಕೇಳುವವರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಅದನ್ನು ಬಿಚ್ಚಿ ನೋಡೋಣ. ಮೊದಲನೆಯದು ಅಕ್ಷರ ಮತ್ತು ಲೆಕ್ಕ, ಅಂದರೆ ಓದುವದು, ಬರೆಯುವದು, ಕೂಡಿಸಿ ಕಳೆಯುವದು. ಎರಡನೆಯದು ವಿದ್ಯೆ, ಅಂದರೆ ಒಂದು ಕಸಬನ್ನಾಗಲಿ ಒಂದು ಶಾಸ್ತ್ರವನ್ನಾಗಲಿ ಅದರ ಕಾರಣಗಳ ಸಹಿತವಾಗಿ ಬಲ್ಲವನಾಗುವದು. ಮೂರನೆಯದು ಸರ್ಟಿಫಿಕೇಟು, ಅಂದರೆ ಇಂಥವನು ಇಷ್ಟನ್ನು ಕಲಿತಿದ್ದಾನೆಂದು ಮುದ್ರೆಯೊತ್ತಿದ ಕಾಗದ.

ಈ ಮೂರು ಒಟ್ಟಿಗೆ ಇರುವದು ಒಳ್ಳೇದು. ಆದರೆ ಅವು ಯಾವಾಗಲೂ ಒಟ್ಟಿಗೆ ಇರುವದಿಲ್ಲ. ಕಾಗದವಿದ್ದು ವಿದ್ಯೆಯಿಲ್ಲದವರು ಉಂಟು. ವಿದ್ಯೆಯಿದ್ದು ಕಾಗದವಿಲ್ಲದವರೂ ಉಂಟು. ತಮ್ಮನು ಖಾಲಿ ಕುಳಿತ ಹುಡುಗನನ್ನು ತೋರಿಸಿದಾಗ ಕಾಗದದ ವಿಷಯ ಮಾತಾಡಿದನು. ಮಾಳಿಗೆ ಕಟ್ಟಿದ ಸಾವುಕಾರನನ್ನು ತೋರಿಸಿದಾಗ, ಆ ಸಾವುಕಾರನಿಗೆ ವ್ಯಾಪಾರದ ವಿದ್ಯೆ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಬಹುಶಃ ಅವನು ಹತ್ತು ವರುಷದ ಹುಡುಗನಾಗಿದ್ದಾಗಿನಿಂದ ತಂದೆಯ ಅಂಗಡಿಯ ಗಾದಿಯ ಪಕ್ಕದಲ್ಲಿ ಕುಳಿತು, ಮಾಲು ನೋಡುವದನ್ನೂ ಮನುಷ್ಯರನ್ನು ಅಳೆಯುವದನ್ನೂ ಕಲಿತಿರಬೇಕು. ಆ ಗಾದಿಯೇ ಅವನ ಶಾಲೆಯಾಯಿತು. ಗಾದಿಯಿಲ್ಲದ ಮನೆಯ ಮಗುವಿಗೆ ಶಾಲೆ ಯಾವದು? ಇದನ್ನು ಮರೆಯದೆ ಮುಂದೆ ಹೋಗೋಣ.

2. ರಾಣೆಬೆನ್ನೂರು: ಬೀಜದ ಸಾಕ್ಷಿ

ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಪಟ್ಟಣವು. ಹತ್ತಿಯ ಮತ್ತು ಕಾಯಿಪಲ್ಲೆಗಳ ಹೈಬ್ರಿಡ್ ಬೀಜಗಳನ್ನು ಸುತ್ತಲಿನ ಹೊಲಗಳಲ್ಲಿ ಬೆಳೆಸಿ ದೂರದ ಊರುಗಳಿಗೆ ಕಳುಹಿಸುತ್ತಾರೆ. ಈ ಕೆಲಸದ ಮೂಲವನ್ನು ವಿಚಾರಿಸಿದರೆ ಅದು ಸಂಶೋಧನೆಯ ಹೊಲದಲ್ಲಿ ಸಿಕ್ಕುತ್ತದೆ. 1970ರಲ್ಲಿ ಗುಜರಾತದ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಎಚ್-4 ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. 1972ರಲ್ಲಿ ನಮ್ಮ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ತಳಿಯನ್ನು ಕಂಡುಹಿಡಿದರು. ಉದ್ದ ಎಳೆಯ ನಯವಾದ ಹತ್ತಿಯು ನಮ್ಮ ಕಪ್ಪು ನೆಲದಲ್ಲಿ ಹೆಚ್ಚಾಗಿ ಬೆಳೆಯುವದಕ್ಕೆ ಇದರಿಂದ ದಾರಿಯಾಯಿತು.

ಆದರೆ ಹೈಬ್ರಿಡ್ ಬೀಜವು ತಾನಾಗಿ ಹುಟ್ಟುವದಿಲ್ಲ, ಪ್ರತಿಯೊಂದು ಹೂವಿಗೂ ಮನುಷ್ಯನ ಕೈ ಬೇಕು. ಸಂಜೆಯಲ್ಲಿ ಆಳುಗಳು ಹೆಣ್ಣು ಸಾಲಿನ ಗಿಡಗಳ ನಡುವೆ ನಡೆದು, ನಾಳೆ ಅರಳಲಿರುವ ಮೊಗ್ಗುಗಳನ್ನು ಗುರುತಿಸುತ್ತಾರೆ. ಮೊಗ್ಗಿನ ಪಕಳೆಗಳನ್ನೂ ಪರಾಗದ ಎಳೆಗಳನ್ನೂ ಉಗುರಿನಿಂದ ಬಿಡಿಸಿ ತೆಗೆದು, ನಡುವಿನ ಎಳೆಗೆ ಪೆಟ್ಟಾಗದಂತೆ ಬಿಡುತ್ತಾರೆ. ಮರುದಿನ ಮುಂಜಾನೆ ಗಂಡು ಸಾಲಿನ ಹೂಗಳನ್ನು ತಂದು, ಅವುಗಳ ಪರಾಗವನ್ನು ಆ ಎಳೆಯ ತುದಿಗೆ ಮುಟ್ಟಿಸುತ್ತಾರೆ. ಒಂದು ಪರಾಗದ ಎಳೆ ಉಳಿದುಹೋದರೂ ಆ ಕಾಯಿಯ ಬೀಜ ಕೆಟ್ಟೀತು. ಆಮೇಲೆ ಬೀಜವನ್ನು ಬಿತ್ತಿ ಪರೀಕ್ಷಿಸಿದಾಗ ಕಲಬೆರಕೆ ಕಂಡುಬಂದರೆ ಬೆಳೆದವನ ಮಾಲು ತಿರಸ್ಕಾರವಾಗುವದು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ನಮ್ಮ ಹಳ್ಳಿಯ ಹೆಂಗಸರು, ಅನೇಕರು ಓದುಬರಹವನ್ನು ಅರಿಯದವರು, ದಿನಕ್ಕೆ ನೂರಾರು ಹೂವುಗಳಿಗೆ ತಪ್ಪಿಲ್ಲದೆ ಮಾಡುತ್ತಾರೆ. ಇದನ್ನು ವಿದ್ಯೆಯಲ್ಲವೆಂದು ಯಾರು ಹೇಳಬಲ್ಲರು? ಕೈಯ ವಿದ್ಯೆಯನ್ನು ಹೀನವೆಂದು ಎಣಿಸುವವನು ತಾನು ಉಟ್ಟ ಬಟ್ಟೆಯನ್ನೇ ಹೀನವೆಂದಂತೆ.

ಹಾಗಾದರೆ ಆ ಹೆಂಗಸಿಗೂ ಕಟರಕಿಯವರಿಗೂ ನಡುವೆ ಇರುವ ಭೇದವೇನು? ಕೈಚಳಕದಲ್ಲಿ ಅವಳು ಕಡಿಮೆಯಲ್ಲ. ಆದರೆ ಯಾವ ಗಂಡು ಯಾವ ಹೆಣ್ಣಿಗೆ ಕೂಡಬೇಕು, ಯಾತಕ್ಕೆ ಕೂಡಬೇಕು, ಕೂಡಿದರೆ ಏನು ಹುಟ್ಟುವದು ಎಂಬದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಕೆಲಸದ 'ಹೇಗೆ' ಅವಳದು, ಅದರ 'ಯಾಕೆ' ಬೇರೊಬ್ಬರದು. 'ಹೇಗೆ' ಮಾತ್ರ ಬಲ್ಲವರಿಗೆ ದಿನಗೂಲಿ ದೊರೆಯುತ್ತದೆ. ಅಂಥವರ ಕೂಲಿಯ ದರವು ಏರಬಹುದು, ಆದರೆ ಅವರ ಸ್ಥಾನವು ಏರುವದು ಅಪರೂಪ. ಹದಿನಾಲ್ಕನೆಯ ವಯಸ್ಸಿನಲ್ಲಿ ಸಾಲಿನ ಯಾವ ತುದಿಯಲ್ಲಿ ನಿಂತಳೋ ನಾಲ್ವತ್ತನೆಯ ವಯಸ್ಸಿನಲ್ಲಿಯೂ ಅಲ್ಲಿಯೇ ನಿಲ್ಲುವಳು. ಆದರೆ ಅದೇ ಕೈಗೆ ಅಕ್ಷರವೂ ಕೂಡಿದರೆ ಏನಾದೀತು? ಬೀಜ ಬೆಳೆಸುವ ಕರಾರುಪತ್ರವನ್ನು ಅವಳು ತಾನೇ ಓದುವಳು. ಮಾಲು ತಿರಸ್ಕಾರವಾದರೆ ನಷ್ಟ ಯಾರ ಪಾಲಿಗೆಂದು ಸಹಿ ಹಾಕುವ ಮೊದಲೇ ಕೇಳುವಳು. ಬೇರೆಯವರ ಹೊಲದ ಆಳಾಗಿದ್ದವಳು ತನ್ನ ಹೊಲದಲ್ಲಿಯೇ ಬೀಜ ಬೆಳೆಸುವ ಧೈರ್ಯ ಮಾಡುವಳು.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ತಿಳಿದಿರತಕ್ಕದ್ದು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 6ರಿಂದ 14 ವರುಷದ ಪ್ರತಿಯೊಂದು ಮಗುವಿಗೂ ಉಚಿತವಾದ ಕಡ್ಡಾಯ ಶಿಕ್ಷಣವು ಹಕ್ಕಾಗಿದೆ. 2016ರ ತಿದ್ದುಪಡಿಯ ಮೇಲೆ 14 ವರುಷದೊಳಗಿನ ಮಕ್ಕಳನ್ನು ಯಾವ ಕೂಲಿಕೆಲಸಕ್ಕೂ ಇಟ್ಟುಕೊಳ್ಳಕೂಡದು. ಶಾಲೆಯ ವೇಳೆ ಮುಗಿದ ಮೇಲೆ ಸ್ವಂತ ಮನೆಯವರಿಗೆ ನೆರವಾಗುವದಕ್ಕೆ ಮಾತ್ರ ಅಡ್ಡಿಯಿಲ್ಲ. ಆದಕಾರಣ ಚಿಕ್ಕ ಮಕ್ಕಳನ್ನು ಕ್ರಾಸಿಂಗ್ ಕೆಲಸಕ್ಕೆ ಕರೆಯುವವನೂ ಕಳುಹಿಸುವವನೂ ಕಾಯಿದೆಯನ್ನು ಮೀರುತ್ತಾರೆ.

3. ಬ್ಯಾಡಗಿ: ಮೆಣಸಿನಕಾಯಿಯ ಸಾಕ್ಷಿ

ರಾಣೆಬೆನ್ನೂರಿನಿಂದ ರೈಲಿನಲ್ಲಿ ಹುಬ್ಬಳ್ಳಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿ ಬ್ಯಾಡಗಿ ಬರುತ್ತದೆ. ಈ ಊರಿನ ಹೆಸರು ಹೇಳಿದರೆ ಕೆಂಪು ಬಣ್ಣವು ಕಣ್ಣಿಗೆ ಕಟ್ಟುತ್ತದೆ. ಇಲ್ಲಿಯ ಮೆಣಸಿನಕಾಯಿಯಲ್ಲಿ ಕಡ್ಡಿ ಎಂದೂ ಡಬ್ಬಿ ಎಂದೂ ಎರಡು ಬಗೆ ಉಂಟು. ಖಾರವು ಕಡಿಮೆ, ಬಣ್ಣವು ಬಹಳ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆಯಿತು. ಇದರ ಬಣ್ಣದ ಎಣ್ಣೆಯನ್ನು ಕಾರ್ಖಾನೆಗಳಲ್ಲಿ ತೆಗೆದು ತಿಂಡಿಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಉಪಯೋಗಿಸುತ್ತಾರೆ. ಹಿಂದೆ ರೈತನು ಕಾಯನ್ನು ಕೈಯಲ್ಲಿ ಹಿಡಿದು ಅದರ ನೆರಿಗೆಯನ್ನೂ ಬಣ್ಣವನ್ನೂ ಕಣ್ಣಿನಿಂದ ಅಳೆಯುತ್ತಿದ್ದನು. ಈಗ ಬಣ್ಣವನ್ನು ಪ್ರಯೋಗಾಲಯದಲ್ಲಿ ಅಂಕಿಗಳಲ್ಲಿ ಅಳೆಯುತ್ತಾರೆ. ಕಾಯಿಯಲ್ಲಿ ಎಷ್ಟು ತೇವ ಉಳಿದಿದೆ ಎಂಬದನ್ನೂ ನೋಡುತ್ತಾರೆ. ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ದರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಕಣ್ಣಿನ ವಿದ್ಯೆಯು ವ್ಯರ್ಥವಾಗಲಿಲ್ಲ, ಆದರೆ ಅದೊಂದೇ ಈಗ ಸಾಲದು.

ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಒಬ್ಬ ರೈತನು 12 ಚೀಲ ಕಾಯಿ ತಂದನು, ಒಂದೊಂದು ಚೀಲದಲ್ಲಿ 40 ಕಿಲೋ ಎಂದು ಇಟ್ಟುಕೊಳ್ಳಿರಿ. ಒಟ್ಟು 480 ಕಿಲೋ ಆಯಿತು. ಕ್ವಿಂಟಲಿಗೆ 18,000 ರೂಪಾಯಿ ದರವಾದರೆ ಅವನಿಗೆ 86,400 ರೂಪಾಯಿ ಬರತಕ್ಕದ್ದು. ಪ್ರತಿ ಚೀಲಕ್ಕೆ ಅರ್ಧ ಕಿಲೋ ತೂಕವು ತಪ್ಪಾಗಿ ಕಡಿಮೆ ಬರೆಯಲ್ಪಟ್ಟಿತೆನ್ನಿರಿ. ಅರ್ಧ ಕಿಲೋ ಯಾವ ದೊಡ್ಡ ಮಾತು ಎಂದು ತೋರೀತು. ಆದರೆ 12 ಚೀಲಕ್ಕೆ 6 ಕಿಲೋ, ಅಂದರೆ 1,080 ರೂಪಾಯಿ ಹೋಯಿತು. ಈ ತಪ್ಪನ್ನು ಕಂಡುಹಿಡಿಯುವದಕ್ಕೆ ಡಿಗ್ರಿ ಬೇಡ, ನಾಲ್ಕನೆಯ ಇಯತ್ತೆಯ ಗುಣಾಕಾರವೂ ಲೆಕ್ಕದ ಪಟ್ಟಿಯನ್ನು ಓದಬಲ್ಲ ಕಣ್ಣೂ ಸಾಕು. ಇವು ಇಲ್ಲದ ರೈತನು ಪ್ರತಿ ವರುಷವೂ ತಾನು ಕಾಣದ ಒಂದು ತೆರಿಗೆಯನ್ನು ಕೊಡುತ್ತಾ ಹೋಗುವನು. ಮನೆಯಲ್ಲಿ ಓದಬಲ್ಲ ಮಗಳೊಬ್ಬಳು ಇದ್ದರೆ ಆ ತೆರಿಗೆಯು ಅಂದಿಗೇ ನಿಲ್ಲುವದು.

ಆದರೆ ಸತ್ಯವನ್ನು ಅರ್ಧ ಮಾತ್ರ ಹೇಳಬಾರದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರವು ಕುಸಿಯಿತೆಂದು ರೈತರು ಸಿಟ್ಟಿಗೆದ್ದು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿವಸ ಕುಸಿದ ದರವು ಓದಿದ ರೈತನಿಗೂ ಓದದವನಿಗೂ ಒಂದೇ ಆಗಿತ್ತು. ಶಾಲೆಯ ವಿದ್ಯೆಯು ಮಳೆಯನ್ನು ತರಲಾರದು, ಮಾರುಕಟ್ಟೆಯನ್ನು ಕಟ್ಟಿಹಾಕಲಾರದು. ಓದಿದವರಿಗೆ ಕಷ್ಟವೇ ಬರಲಾರದೆಂದು ಮಕ್ಕಳಿಗೆ ಹೇಳುವವರು ಮಕ್ಕಳನ್ನು ಮೋಸಗೊಳಿಸುತ್ತಾರೆ. ಕಷ್ಟವು ಬಂದಾಗ ಬೇರೆ ಬೆಳೆಯನ್ನು, ಬೇರೆ ಮಾರುಕಟ್ಟೆಯನ್ನು, ಬೆಳೆವಿಮೆಯನ್ನು, ಬೇರೆ ಕೆಲಸವನ್ನು ವಿಚಾರಿಸುವದಕ್ಕೆ ಓದಿದವನಿಗೆ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಇಷ್ಟನ್ನೇ ನಾವು ಹೇಳಬಹುದು, ಇಷ್ಟಾದರೂ ಚಿಕ್ಕದಲ್ಲ.

4. ಹಾವೇರಿಯ ಸೀಮೆ: ಶಾಲೆಯಿಲ್ಲದೆ ಹಿರಿಯರಾದವರ ಸಾಕ್ಷಿ

"ಶಾಲೆಗೆ ಹೋಗದವರೂ ಹೆಸರು ಪಡೆದಿದ್ದಾರಲ್ಲಾ" ಎಂದು ಅನೇಕರು ಹೇಳುವರು. ಈ ಮಾತು ನಿಜವೇ. ಅಂಥವರಲ್ಲಿ ಇಬ್ಬರನ್ನು ನಮ್ಮ ದಾರಿಯಲ್ಲಿಯೇ ಕಾಣೋಣ.

ಹಾವೇರಿಯ ಸಮೀಪದ ದೇವಗಿರಿಯಲ್ಲಿ 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ಅವರ ಕಣ್ಣುಗಳು ಹೋದವು. ಆ ಕಾಲದಲ್ಲಿ ಕುರುಡು ಮಗುವಿಗೆ ಹಳ್ಳಿಯಲ್ಲಿ ಯಾವ ಶಾಲೆ ಇತ್ತು? ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ತಾವೂ ಕಣ್ಣಿಲ್ಲದವರಾಗಿದ್ದ ಪಂಚಾಕ್ಷರ ಗವಾಯಿಗಳು ಈ ಹುಡುಗನಿಗೆ ಗುರುಗಳಾದರು. ಪುಟ್ಟರಾಜರು ಹಿಂದುಸ್ತಾನಿ ಸಂಗೀತವನ್ನೂ ಕರ್ನಾಟಕ ಸಂಗೀತವನ್ನೂ ಕಲಿತರು, ಅನೇಕ ವಾದ್ಯಗಳನ್ನು ಸಾಧಿಸಿದರು, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತು, 2010ರ ಸೆಪ್ಟೆಂಬರ್ 17ರಂದು ದೇಹ ಬಿಡುವವರೆಗೂ ನಡಿಸಿದರು. ಅದೇ ವರುಷ ಅವರಿಗೆ ಪದ್ಮಭೂಷಣ ಬಿರುದು ಬಂದಿತ್ತು.

ಎರಡನೆಯವರು ಗಂಗೂಬಾಯಿ ಹಾನಗಲ್ಲ. ಇವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರೂ ಇವರ ಹೆಸರಿನ ಸಂಗಡ ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಇದೆ. ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ಆದರೆ ಸಂಗೀತದ ಓದು ನಿಲ್ಲಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತು, ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಿದ್ದರು. ನಮ್ಮ ಮೂರು ಪಟ್ಟಣಗಳು ಇರುವ ರೈಲುದಾರಿಯ ಮೇಲೆಯೇ ಆ ಕುಂದಗೋಳವು ಇದೆ. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಿರುದು ದೊರೆಯಿತು. ವಿಶ್ವವಿದ್ಯಾಲಯದ ಮೆಟ್ಟಲನ್ನು ವಿದ್ಯಾರ್ಥಿನಿಯಾಗಿ ಹತ್ತದ ಇವರ ಹೆಸರನ್ನು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಟ್ಟಿದ್ದಾರೆ.

ಈಗ ನ್ಯಾಯವಾಗಿ ವಿಚಾರ ಮಾಡೋಣ. ಇವರು ಶಾಲೆಯಿಲ್ಲದೆ ಹಿರಿಯರಾದರು, ಹೌದು. ವಿದ್ಯೆಯಿಲ್ಲದೆ ಹಿರಿಯರಾದರೋ? ಇಲ್ಲವೇ ಇಲ್ಲ. ಇವರ ಅಭ್ಯಾಸವು ಯಾವ ಕಾಲೇಜಿನ ಅಭ್ಯಾಸಕ್ಕಿಂತಲೂ ಕಠಿಣವಾದದ್ದು, ದೀರ್ಘವಾದದ್ದು. ತಪ್ಪು ಸ್ವರವನ್ನು ನೂರು ಸಾರಿ ತಿದ್ದುವ ಗುರುವು ಇವರಿಗೆ ಇದ್ದನು, ನೂರು ಸಾರಿ ತಿದ್ದಿಸಿಕೊಳ್ಳುವ ತಾಳ್ಮೆಯು ಇವರಲ್ಲಿ ಇತ್ತು. ಇನ್ನೊಂದು ಗುರುತನ್ನು ನೋಡಿರಿ: ಪುಟ್ಟರಾಜರು ಹಿರಿಯರಾದ ಮೇಲೆ "ನಾನು ಶಾಲೆಯಿಲ್ಲದೆ ಬಂದೆನು, ಈ ಕುರುಡು ಮಕ್ಕಳೂ ಹಾಗೆಯೇ ಬರಲಿ" ಎಂದು ಸುಮ್ಮನಿರಲಿಲ್ಲ. ತಮ್ಮ ಆಯುಷ್ಯವನ್ನೆಲ್ಲಾ ಅಂಥ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುವದರಲ್ಲಿ ಕಳೆದರು.

ಆದಕಾರಣ ಮಗಳನ್ನು ಶಾಲೆ ಬಿಡಿಸುವ ತಂದೆಯು ಇವರ ಹೆಸರನ್ನು ಹೇಳುವದಾದರೆ, ಅವನನ್ನು ಒಂದೇ ಪ್ರಶ್ನೆ ಕೇಳಬೇಕು: "ಅಪ್ಪಾ, ಶಾಲೆಯ ಬದಲಾಗಿ ನಿನ್ನ ಮಗಳಿಗೆ ಯಾವ ಗುರುವನ್ನು ಗೊತ್ತುಮಾಡಿದ್ದೀ?" ಬೀಜದ ಹೊಲದ ಸಾಲು ಕುಂದಗೋಳವಲ್ಲ, ಅಲ್ಲಿಯ ಮೇಸ್ತ್ರಿಯು ಸವಾಯಿ ಗಂಧರ್ವನಲ್ಲ.

5. ನಮ್ಮ ಹಿರಿಯರ ಸಾಕ್ಷಿ

ಈ ಪ್ರಶ್ನೆಯು ನಮ್ಮ ಸಭೆಗಳಿಗೆ ಹೊಸದಲ್ಲ. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಹೊಸ ವಿಶ್ವಾಸವನ್ನು ಹಿಡಿದವರಲ್ಲಿ ಅನೇಕರು ಮನೆಯನ್ನೂ ಪಾಲನ್ನೂ ಕುಲಕಸಬನ್ನೂ ಕಳಕೊಂಡರು. ಅವರ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೆ ನಿಂತವು: ಮಕ್ಕಳು ಏನು ಕಲಿಯಬೇಕು? ಇಂದು ಏನು ಉಣ್ಣಬೇಕು? ಈ ಕಾರಣದಿಂದ ಶಾಲೆಗಳೂ ಕೆಲಸದ ಮನೆಗಳೂ ಜೊತೆಯಾಗಿ ಹುಟ್ಟಿದವು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವು ಸ್ಥಾಪಿಸಲ್ಪಟ್ಟಿತು. ನೇಯ್ಗೆಯ ಕೆಲಸವು ಬೆಳೆಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ಪ್ರದೇಶದ ಜೇಡಿಮಣ್ಣನ್ನು ಪರೀಕ್ಷಿಸಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮಂಗಳೂರು ಹಂಚಿನ ಹೆಸರು ದೇಶದೇಶಕ್ಕೆ ಹಬ್ಬಿತು.

ಮುಂದೆ ಏನಾಯಿತು? 1914ರಲ್ಲಿ ಮೊದಲನೆಯ ಮಹಾಯುದ್ಧ ಹುಟ್ಟಿತು. ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು, ಕಾರ್ಖಾನೆಗಳು ಮಿಷನಿನ ಕೈತಪ್ಪಿ ಹೋದವು. ಆಮೇಲಿನ ಕಾಲದಲ್ಲಿ ಕಾಂಕ್ರೀಟಿನ ಮಾಳಿಗೆಗಳು ಬಂದು ಹಂಚಿನ ಕಸಬೂ ಕುಗ್ಗಿತು. ಕೆಲಸದ ಮನೆಯನ್ನು ಯುದ್ಧವು ಕಸಕೊಳ್ಳಬಹುದು, ಕಾಲವು ಮುಚ್ಚಬಹುದು. ಓದಲು ಕಲಿತ ತಾಯಿಯಿಂದ ಆ ಓದನ್ನು ಯಾವ ಸರಕಾರವೂ ಕಸಕೊಳ್ಳಲಿಲ್ಲ, ಅವಳು ಅದನ್ನು ತನ್ನ ಮಕ್ಕಳಿಗೆ ಕೊಟ್ಟಳು. ಹೊಲವೂ ಅಂಗಡಿಯೂ ಇಲ್ಲದ ಮನೆಗಳಲ್ಲಿ ತಂದೆಯಿಂದ ಮಕ್ಕಳಿಗೆ ಇಳಿಯುವ ಆಸ್ತಿಯು ಇದೊಂದೇ ಆಗಿತ್ತು.

"ಪೇತ್ರನೂ ಯೋಹಾನನೂ ಬೆಸ್ತರು, ಶಾಸ್ತ್ರ ಕಲಿಯದವರು" ಎಂದು ಕೆಲವರು ಹೇಳುವದನ್ನು ಕೇಳಿದ್ದೇವೆ. ಅದು ನಿಜ. ಆದರೆ ಅವರು ಗುರುವಿನ ಸಂಗಡ ಹಗಲೂ ಇರುಳೂ ನಡೆದು ಕಲಿತವರೆಂಬದನ್ನು ಮರೆಯಬಾರದು. ಪೌಲನಾದರೋ ಗಮಲಿಯೇಲನ ಪಾದದ ಬಳಿಯಲ್ಲಿ ಓದಿದವನಾಗಿದ್ದು, ಗುಡಾರ ಹೊಲಿಯುವ ಕಸಬನ್ನೂ ಬಲ್ಲವನಾಗಿದ್ದನು. ಓದಿದೆನೆಂದು ಸೂಜಿಯನ್ನು ಬಿಡಲಿಲ್ಲ, ಸೂಜಿಯಿದೆಯೆಂದು ಓದನ್ನು ಬಿಡಲಿಲ್ಲ.

6. ಶಾಲೆಯಲ್ಲಿಯೂ ದೋಷವುಂಟು

ತಮ್ಮನ ದೂರಿನಲ್ಲಿ ಸತ್ಯವಾದ ಭಾಗವನ್ನು ಒಪ್ಪಿಕೊಳ್ಳೋಣ. ಶಾಲೆಯಲ್ಲಿ ಎಂಟು ವರುಷ ಕುಳಿತರೂ ಒಂದು ಪುಟವನ್ನು ಸರಾಗವಾಗಿ ಓದಲಾರದ ಮಕ್ಕಳು ಉಂಟು. ಉತ್ತರವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುವವರು ಉಂಟು. ಡಿಗ್ರಿ ಪಡೆದು, ಆ ಡಿಗ್ರಿಯಲ್ಲಿ ಯಾವ ಕೆಲಸದ ವಿದ್ಯೆಯೂ ಇಲ್ಲವೆಂದು ತಡವಾಗಿ ತಿಳಿಯುವವರು ಉಂಟು. ಎಲ್ಲಕ್ಕಿಂತ ಕೆಟ್ಟದ್ದು ಯಾವದೆಂದರೆ, ನಾಲ್ಕಕ್ಷರ ಕಲಿತ ಮಗನು ಮಣ್ಣು ಮುಟ್ಟಲು ನಾಚಿ, ತಾಯಿಯ ಕೂಲಿಯಿಂದ ಉಣ್ಣುತ್ತಾ ಸರಕಾರಿ ನೌಕರಿಯ ದಾರಿ ಕಾಯುವದು. ಇಂಥವನು ಶಾಲೆಯಲ್ಲಿ ಅಕ್ಷರಗಳನ್ನು ಕಲಿತನೇ ಹೊರತು ವಿದ್ಯೆಯನ್ನು ಕಲಿಯಲಿಲ್ಲ.

ಆದರೆ ಬಾವಿಯಲ್ಲಿ ಕಸ ಬಿದ್ದರೆ ಬಾವಿಯನ್ನು ಮುಚ್ಚುವರೋ, ಕಸವನ್ನು ತೆಗೆಯುವರೋ? ಶಾಲೆಯು ಚೆನ್ನಾಗಿ ಕಲಿಸದಿದ್ದರೆ ಮಗುವನ್ನು ಬಿಡಿಸುವದು ಪರಿಹಾರವಲ್ಲ. ತಂದೆತಾಯಿಗಳು ಶಾಲೆಗೆ ಹೋಗಿ ಮಾಸ್ತರರನ್ನು ಕೇಳುವದು ಪರಿಹಾರವು.

7. ಈಗ ಮಾಡತಕ್ಕದ್ದೇನು?

ಒಂದನೆಯದು, ಹೆಣ್ಣುಮಕ್ಕಳ ವಿಷಯ. 1951ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ನೂರಕ್ಕೆ ಸುಮಾರು 18 ಮಂದಿ ಮಾತ್ರ ಓದುಬರಹ ಬಲ್ಲವರಾಗಿದ್ದರು. 2011ರ ಗಣತಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯೊಂದರಲ್ಲಿಯೇ ನೂರಕ್ಕೆ ಸುಮಾರು 77 ಮಂದಿ ಬಲ್ಲವರಾಗಿದ್ದರು. ಇದು ಸಂತೋಷದ ಸಂಗತಿ. ಆದರೆ ಗಂಡಸರಲ್ಲಿ ನೂರಕ್ಕೆ ಸುಮಾರು 84, ಹೆಂಗಸರಲ್ಲಿ ಸುಮಾರು 70 ಎಂಬ ಅಂತರವು ಆಗ ಉಳಿದಿತ್ತು. ಹಣವು ಸಾಲದಾದಾಗ ಮೊದಲು ಶಾಲೆ ಬಿಡುವವಳು ಮಗಳೇ. ಓದಿದ ಮಗನು ಕೆಲಸಕ್ಕಾಗಿ ಊರು ಬಿಟ್ಟು ಹೋಗಬಹುದು. ಓದಿದ ಮಗಳು ಹೋದ ಮನೆಯಲ್ಲಿ ಒಂದು ಶಾಲೆಯನ್ನೇ ತೆರೆಯುವಳು.

ಎರಡನೆಯದು, ಸುಗ್ಗಿಯ ಕಾಲದಲ್ಲಿ ಮಗುವಿನ ಹಾಜರಿಯನ್ನು ಕಾಪಾಡತಕ್ಕದ್ದು. ಎರಡು ತಿಂಗಳ ಪಾಠ ತಪ್ಪಿದ ಮಗುವಿಗೆ ಮುಂದಿನ ಪಾಠವು ತಿಳಿಯುವದಿಲ್ಲ. ತಿಳಿಯದ ಮಗುವಿಗೆ ನಾಚಿಕೆಯಾಗುವದು. ನಾಚಿದ ಮಗು ಶಾಲೆಗೆ ಹೋಗಲು ಹೆದರುವದು. ಅಕ್ಕನು ಹೇಳಿದ ಮಾತಿನ ಗುಟ್ಟು ಇದೇ. ಸಭೆಯಲ್ಲಿ ಇಂಥ ಮನೆಯಿದ್ದರೆ ಬುದ್ಧಿ ಹೇಳುವದಷ್ಟೇ ಸಾಲದು. ಬಡ್ಡಿಯ ಕಂತು ತೀರಿಸುವದಕ್ಕೆ ಕೈಗಡ ಕೊಡುವವರು ಯಾರು, ಸಂಜೆಯಲ್ಲಿ ತಪ್ಪಿದ ಪಾಠವನ್ನು ಹೇಳಿಕೊಡುವವರು ಯಾರು ಎಂದು ಸಭೆಯ ಹಿರಿಯರು ವಿಚಾರಿಸಬೇಕು.

ಮೂರನೆಯದು, ಓದಿನ ಸಂಗಡ ಕಸಬು ಬೇಕು. ಹತ್ತನೆಯ ಇಯತ್ತೆ ಮುಗಿದ ಮೇಲೆ ಎಲ್ಲರೂ ಒಂದೇ ಬಾಗಿಲಿಗೆ ನೂಕಾಡುವದು ಬೇಡ. ಐ.ಟಿ.ಐ., ಡಿಪ್ಲೊಮಾ, ದಾದಿಯರ ತರಬೇತಿ, ಕೃಷಿ, ಇವೂ ವಿದ್ಯೆಗಳೇ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವು ಇದೆ, ಅಲ್ಲಿ ರೈತರಿಗೆ ತರಬೇತಿಯನ್ನು ಕೊಡುತ್ತಾರೆ. ಕ್ರಾಸಿಂಗ್ ಕೆಲಸದ 'ಯಾಕೆ' ಎಂಬದನ್ನು ತಿಳಿಯಬೇಕೆಂದಿರುವವರು ಅಂಥಲ್ಲಿಗೆ ಹೋಗಿ ಕೇಳಲಿ.

ನಾಲ್ಕನೆಯದು, ಶಾಲೆ ಬಿಟ್ಟವರು ನಿರಾಶರಾಗಬಾರದು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ, ಕೆಲಸ ಮಾಡುತ್ತಲೇ ಓದಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳಿಗೆ ಕೂಡಬಹುದು. ಹೋದ ಬಸ್ಸು ಹೋಯಿತು, ಆದರೆ ದಾರಿಯು ಇನ್ನೂ ಇದೆ.

ಐದನೆಯದು, ಕಲಿತ ಅಕ್ಷರವನ್ನು ತುಕ್ಕು ಹಿಡಿಯಗೊಡಬಾರದು. ಹಾವೇರಿ ತಾಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಗಳಗನಾಥರೆಂದೇ ಹೆಸರಾದವರು, ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರು ಕಾದಂಬರಿಗಳನ್ನು ಬರೆದು, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು, ಊರೂರು ಅಲೆದು ಮಾರಿದರು. ಶಾಲೆಯಲ್ಲಿ ಅಕ್ಷರ ಕಲಿಸಿದರೆ ಅರ್ಧ ಕೆಲಸ, ಓದಲು ಪುಸ್ತಕ ಕೊಟ್ಟರೆ ಪೂರ್ಣ ಕೆಲಸವೆಂಬದು ಅವರ ನಡತೆಯಿಂದ ನಮಗೆ ತಿಳಿಯುತ್ತದೆ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕಾಲುತಾಸು ಮಗುವಿನ ಬಾಯಿಂದ ಓದಿಸಿ ಕೇಳಿರಿ. ಓದುಬಾರದ ತಂದೆಯೂ ಕೇಳಬಲ್ಲನು.

ಮುಕ್ತಾಯ

ಆರಂಭದಲ್ಲಿ ಕಂಡ ಕಟ್ಟೆಗೆ ತಿರಿಗಿ ಬರೋಣ. ಶಾಲೆ ಕಲಿತವರೆಲ್ಲರೂ ಏಳಿಗೆ ಹೊಂದುವದಿಲ್ಲವೆಂದು ತಮ್ಮನು ಹೇಳಿದ್ದು ನಿಜ. ಶಾಲೆ ಕಲಿಯದೆ ಏಳಿಗೆ ಹೊಂದಿದವರು ಉಂಟೆಂಬದೂ ನಿಜ. ಆದರೆ ಕಲಿಯದೆ ಏಳಿಗೆ ಹೊಂದಿದವರು ಒಬ್ಬರೂ ನಮಗೆ ಸಿಕ್ಕಲಿಲ್ಲ. ಒಬ್ಬನು ಅಂಗಡಿಯಲ್ಲಿ ಕಲಿತನು, ಒಬ್ಬರು ಗುರುವಿನ ಮನೆಯಲ್ಲಿ ಕಲಿತರು. ಅಂಗಡಿಯೂ ಇಲ್ಲದೆ ಗುರುವೂ ಇಲ್ಲದೆ ಇರುವ ಬಡವನ ಮಗಳಿಗೆ ಊರ ಶಾಲೆಯೇ ಅಂಗಡಿಯೂ ಗುರುವಿನ ಮನೆಯೂ ಆಗಿದೆ. ಅದರಲ್ಲಿ ದೋಷವಿದ್ದರೂ ಅವಳಿಗೆ ಬೇರೆ ಬಾಗಿಲಿಲ್ಲ. ಎರಡು ತಿಂಗಳ ಕೂಲಿಗಾಗಿ ಆ ಬಾಗಿಲನ್ನು ಮುಚ್ಚಿದರೆ, ತೀರುವದು ಒಂದು ವರುಷದ ಬಡ್ಡಿ, ಉಳಿಯುವದು ಅವಳ ಜನ್ಮದ ಸಾಲ.

ಕುಟುಂಬದಲ್ಲಿಯೂ ಸಭೆಯ ಕೂಟದಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಅಕ್ಷರ, ವಿದ್ಯೆ, ಸರ್ಟಿಫಿಕೇಟು, ಈ ಮೂರಕ್ಕೆ ಇರುವ ಭೇದವೇನು? ನಿಮ್ಮ ಊರಿನಿಂದ ಒಂದೊಂದಕ್ಕೆ ಉದಾಹರಣೆ ಹೇಳಿರಿ.

2. ನೀವು ಮಾಡುವ ಕೆಲಸದಲ್ಲಿ 'ಹೇಗೆ' ಬಲ್ಲಿರಿ, 'ಯಾಕೆ' ಅರಿಯಿರಿ ಎಂಬ ಸಂಗತಿ ಯಾವದು? ಅದನ್ನು ಯಾರಿಂದ ಕಲಿಯಬಹುದು?

3. ಪುಟ್ಟರಾಜ ಗವಾಯಿಗಳೂ ಗಂಗೂಬಾಯಿಯವರೂ ಶಾಲೆಯ ಬದಲಾಗಿ ಏನನ್ನು ಪಡೆದರು?

4. ಕಳೆದ ಸುಗ್ಗಿಯಲ್ಲಿ ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ ಮಕ್ಕಳು ಯಾರು? ಅವರಲ್ಲಿ ತಿರಿಗಿ ಹೋದವರು ಎಷ್ಟು ಮಂದಿ?

5. ಅಂಥ ಒಂದು ಮಗುವಿಗಾಗಿ ಈ ತಿಂಗಳಲ್ಲಿ ನೀವು ಮಾಡಬಹುದಾದ ಒಂದು ಕೆಲಸ ಯಾವದು?